ಹರಿಗೋಲಿನ ಅಂಚಿಗೆ ಕುಳಿತ ಮಾಸ್ತರು

ನಮ್ಮ ಮಾಸ್ತರ ಕೈಯಲ್ಲಿ ಮಾರುದ್ದದ ತೆಳ್ಳನೆಯ ಬಿದಿರುಕೋಲು ಇರುತ್ತಿತ್ತು. ಅದರ ತುದಿಯನ್ನು ಸೀಳಿ, ಬಳಪದ ತುಂಡೊಂದನ್ನು ಸಿಕ್ಕಿಸಿ, ಹುರಿಯಿಂದ ಬಿಗಿದು ಕಟ್ಟಿದ್ದರು. ಅದು ಹೊಡೆಯುವ ಕೋಲಲ್ಲ, ಬರೆಯುವ ಕೋಲು. ನಾವು ಪಾಟಿಯನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಲ್ಲಬೇಕು. ಅವರು ಅಷ್ಟು ದೂರದಿಂದ ಕೋಲು ಚಾಚಿ, ನಮ್ಮ ಸೊಟ್ಟ ಅಕ್ಷರದ ಪಕ್ಕದಲ್ಲಿ ತಮ್ಮ ದುಂಡನೆಯ ಅಕ್ಷರ ಬರೆದು ತೋರಿಸುತ್ತಿದ್ದರು. ಬರೆಯುವಾಗ ಅವರ ಮಣಿಕಟ್ಟಿನ ನರ ಉಬ್ಬಿ ನಿಲ್ಲುತ್ತಿತ್ತು.

ಮಾಸ್ತರೆಂದರೆ ಹೀಗೆಯೇ ಇರುತ್ತಾರೆ ಎಂದು ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ತಂಗಿಯನ್ನು ಕೂರಿಸಿಕೊಂಡು ಸಾಲಿ ಆಟ ಆಡುತ್ತಿದ್ದೆ. ಅವಳ ಪಾಟಿಯನ್ನು ನೆಲದ ಮೇಲಿಡಿಸಿ, ಜೋಳದ ದಂಟು ಹಿಡಿದು, ದೂರ ನಿಂತು ಗದರಿಸುತ್ತಿದ್ದೆ. ಕಟ್ಟಿಗೆ ಒಯ್ಯಲು ಬಂದ ಅವ್ವ ನಿಂತು ನೋಡಿದಳು.

"ಅಷ್ಟು ದೂರ ಯಾಕ ನಿಂತೀಯೋ?"

"ಮಾಸ್ತರು ಹಿಂಗ ನಿಂದರತಾರಬೇ."

ಅವ್ವ ಕಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ರಾತ್ರಿ ರೊಟ್ಟಿ ಬಡಿಯುವಾಗ ತಾನಾಗಿಯೇ ಮಾತು ತೆಗೆದಳು. "ಅವರು ತಮಗ ಬೇಕಾಗಿ ಹಂಗ ನಿಂದರೂದಿಲ್ಲ. ನಿಮಗ ಬೇಕಾಗಿನೂ ಅಲ್ಲ. ಊರಿಗೆ ಬೇಕಾಗಿ ನಿಂದರತಾರ. ನೀ ಮನಿಯಾಗ ಹಂಗ ಆಡಬ್ಯಾಡ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಥೆ ತಿಳಿಯಿತು. ಮಾಸ್ತರು ಹಿರೇಕೆರೂರು ಕಡೆಯವರು, ಅಬಲೂರಿನ ಹತ್ತಿರದ ಒಂದು ಹಳ್ಳಿಯ ಹೊರಕೇರಿಯಲ್ಲಿ ಹುಟ್ಟಿದವರು. ನಮ್ಮದು ವರದಾ ಹೊಳೆಯ ದಂಡೆಯ ಊರು. ಮಳೆಗಾಲದಲ್ಲಿ ದಾರಿ ಕಟ್ಟುತ್ತದೆ, ಆಮೇಲೆ ಚಳಿಜ್ವರ ಬರುತ್ತದೆ. ಬಂದ ಮಾಸ್ತರುಗಳೆಲ್ಲ ವರ್ಗ ಮಾಡಿಸಿಕೊಂಡು ಹಾನಗಲ್ಲಿಗೋ ಸವಣೂರಿಗೋ ಹೋಗಿಬಿಡುತ್ತಿದ್ದರು. ಕಡೆಗೆ ಸರಕಾರ ಇವರನ್ನು ಕಳಿಸಿತು. ಹಿರಿಯರು ಚಾವಡಿಯಲ್ಲಿ ಕೂಡಿದರು. ಬೇಡವೆಂದರೆ ಸಾಲಿ ಹೋಗುತ್ತದೆ, ಬೇಕೆಂದರೆ ಮಡಿ ಹೋಗುತ್ತದೆ. ದಿನವಿಡೀ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು: ಮಾಸ್ತರು ಇರಲಿ, ಆದರೆ ಮಕ್ಕಳನ್ನೂ ಅವರ ಪಾಟಿಗಳನ್ನೂ ಮುಟ್ಟಬಾರದು, ಸಾಲಿಯ ಕೊಡದ ನೀರು ಕುಡಿಯಬಾರದು. ಚಾವಡಿಯ ಕೆಳಗೆ ಅಂಗಳದಲ್ಲಿ ನಿಂತು ಕೇಳಿದ ಮಾಸ್ತರು "ಆಗಲ್ರಿ" ಅಂದರಂತೆ. ಮರುದಿನ ಆ ಕೋಲನ್ನು ತಾವೇ ಕಟ್ಟಿಕೊಂಡು ಬಂದರಂತೆ.

ನೀರಿಲ್ಲದೆ ಇಡೀ ದಿನ ಮಗ್ಗಿ ಹೇಳಿಸಬೇಕಲ್ಲ, ಅದಕ್ಕೆ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ನಮಗೆ ವಿದ್ಯೆಗೂ ಲವಂಗದ ವಾಸನೆಗೂ ಬೇರೆ ಬೇರೆ ನೆನಪಿಲ್ಲ. ಧೋತರ ಯಾವಾಗಲೂ ಬೆಳ್ಳಗೆ. ತಲೆಗೆ ಬಿಗಿಯಾಗಿ ಸುತ್ತಿದ ಸಣ್ಣ ರುಮಾಲು. ಯಾರನ್ನೂ ಹೊಡೆಯುತ್ತಿರಲಿಲ್ಲ, ಹೊಡೆಯುವಂತೆಯೂ ಇರಲಿಲ್ಲ. ತಪ್ಪಾಯಿತೆಂದು ನಾವು ಅಳುಮೋರೆ ಮಾಡಿದರೆ, "ಬೆರಳಿಲೆ ಒರಸಿದ್ರ ಹೋಗೂದಕ್ಕ ಅಳ್ತಾರೇನೋ?" ಎನ್ನುತ್ತಿದ್ದರು. ಊರಿನ ದೊಡ್ಡವರ ಮಕ್ಕಳನ್ನು ಕರೆಯುವಾಗ ಮಾತ್ರ ಧ್ವನಿ ಬದಲಾಗುತ್ತಿತ್ತು. ನನಗೆ ಏಳು ವರ್ಷ. ಅವರು ನನ್ನನ್ನು "ಬರ್ರಿ ಸಣ್ಣ ಗೌಡ್ರ" ಎಂದು ಕರೆಯುತ್ತಿದ್ದರು.

ಮುಂದೆ ಇಂಗ್ಲಿಷ್ ಕಲಿಯಲು ಹಾನಗಲ್ಲಿಗೆ ಹೋದೆ. ಅಲ್ಲಿಯ ಮಾಸ್ತರು ಮೊದಲ ದಿನವೇ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಲು ಬಂದರು. ನಾನು ಬೆಚ್ಚಿ ಕೈ ಎಳೆದುಕೊಂಡೆ. ಇವರೆಂಥ ಮಾಸ್ತರು, ರೀತಿ ರಿವಾಜು ಇಲ್ಲದವರು ಅನ್ನಿಸಿತ್ತು. ಒಂದು ಊರಿನ ಚಾವಡಿಯಲ್ಲಿ ನಾಲ್ಕು ಜನ ಕೂತು ಆಡಿದ ಮಾತು ಒಂದು ಮಗುವಿನ ಮೈಯಲ್ಲಿ ಎಲ್ಲಿಯವರೆಗೆ ಇಳಿದಿತ್ತು ನೋಡಿ.

ಧಾರವಾಡದಲ್ಲಿ ಕಾಲೇಜು ಸೇರಿದ ಮೇಲೆ ವಸತಿಗೃಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು. ಆ ವಿಷಯದಲ್ಲಿ ಭಾಷಣ ಕೇಳಿದ್ದೆ, ಒಂದೆರಡು ಮಾಡಿಯೂ ಇದ್ದೆ. ಹಳೆಯದೆಲ್ಲ ಕಳೆಯಿತು ಎಂದುಕೊಂಡಿದ್ದಾಗ ಯುದ್ಧದ ಕಾಲದ ಒಂದು ಮಳೆಗಾಲ ಬಂತು.

ರಜೆ ಮುಗಿಸಿ ಹೊರಟಿದ್ದೆ. ಹೊಳೆ ದಾಟಿ, ಸವಣೂರಿನಲ್ಲಿ ಅಕ್ಕನ ಮನೆಯಲ್ಲಿ ಉಂಡು, ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ಹಿಡಿಯುವುದು ನನ್ನ ದಾರಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದಂಡೆಯಲ್ಲಿ ಎಲ್ಲರಿಂದ ದೂರ, ಜಾಲಿಗಿಡದ ಕೆಳಗೆ, ತಗಡಿನ ಪೆಟ್ಟಿಗೆ ಇಟ್ಟುಕೊಂಡು ಮಾಸ್ತರು ನಿಂತಿದ್ದರು. ಕೂದಲು ಅರ್ಧ ನೆರೆತಿತ್ತು.

"ಇಂಥಾ ಮಳಿಯಾಗ ಎಲ್ಲಿಗೆ ಹೊಂಟ್ರಿ ಮಾಸ್ತರ?"

"ಶಿಗ್ಗಾವಿ ಕಡೆ ವರ್ಗ ಆಗೇತ್ರಿ ಸಣ್ಣ ಗೌಡ್ರ. ಹೆಡ್ ಮಾಸ್ತರ ಅಂತ." ಕೊನೆಯ ಮಾತನ್ನು ಹೇಳುವಾಗ ಯಾರಾದರೂ ನಕ್ಕಾರೆಂಬಂತೆ ಸುತ್ತ ನೋಡಿದರು. "ಆ ಊರಾಗ ನಾ ಬ್ಯಾಡ ಅಂತ ಆಗಲೇ ಅರ್ಜಿ ಹಾಕ್ಯಾರ. ನಾಳೆ ಸಾಲಿ ತೆರಿಯೂ ಹೊತ್ತಿಗೆ ಹೋಗಿ ಚಾರ್ಜ ತಗೊಳ್ಳಲಿಲ್ಲಂದ್ರ, ತಾನ ಬರಲಿಲ್ಲ ಅಂತ ಸರಕಾರಕ್ಕ ಹೇಳಿ ಕಳಸ್ತಾರ. ನನ್ನಂಥವಗ ಇಂಥಾದ್ದು ಎರಡನೇ ಸಲ ಯಾರು ಕೊಡ್ತಾರ್ರಿ?"

"ಹಂಗಾರ ಇಲ್ಲಿ ಯಾಕ ನಿಂತೀರಿ? ಬರ್ರಿ."

"ಎಲ್ಲಾರೂ ದಾಟಿದ ಮ್ಯಾಲೆ ನಂದು. ಯಾವಾಗ್ಲೂ ಹಂಗ." ದಂಡೆಯ ಮೇಲೆ ಎಳೆದಿಟ್ಟ ಹರಿಗೋಲನ್ನು ನೋಡಿ ಲವಂಗದ ಬಾಯಲ್ಲೇ ನಕ್ಕರು. "ಅದರ ತೊಗಲ ಹದಾ ಮಾಡಿದವ್ರು ನಮ್ಮ ಮಂದಿನ. ಅದರ ಮ್ಯಾಲೆ ಕುಂತ್ರ ಮೈಲಿಗಿ ಆಗೂದಿಲ್ಲಂತ, ನೋಡ್ರಿ."

ಆದರೆ ಅಂಬಿಗ ಅಂದು ಯಾವಾಗಿನ ಪದ್ಧತಿ ನಡೆಸಲಿಲ್ಲ. "ಇದ ಕಡೀ ಖೇಪ. ನೀರು ಏರಾಕತ್ತೇತಿ. ಇನ್ನ ಹೊಳಿ ಇಳಿಯೂ ತನಕ ನಾ ಹರಗೋಲ ಹಾಕೂದಿಲ್ಲ. ಬರವ್ರು ಎಲ್ಲಾ ಈಗ ಬರ್ರಿ. ಮಾಸ್ತರ, ನೀವೂ ಬರ್ರಿ!"

ಹತ್ತಿ ವ್ಯಾಪಾರದ ಸಾಹುಕಾರನೊಬ್ಬ ಛತ್ರಿ ಮಡಚುತ್ತ, "ಅವರೂ ಇದರಾಗನ?" ಎಂದ.

"ಇಲ್ರಿ ಸಾವ್ಕಾರ್ರ, ಅವರನ್ನ ನಿಮ್ಮ ಛತ್ರಿ ಮ್ಯಾಲೆ ಕುಂದರಿಸಿ ತೇಲಿ ಬಿಡ್ತೇನಿ. ಹತ್ರಿ ಸುಮ್ಮನ."

ನಕ್ಕರು. ಹತ್ತಿದರು. ಸವಣೂರಿನಿಂದ ವೀಳ್ಯದೆಲೆ ತಂದು ನಮ್ಮ ಕಡೆಯ ಸಂತೆಗಳಲ್ಲಿ ಮಾರುವ ಮುದುಕಿಯೊಬ್ಬಳು ಖಾಲಿ ಬುಟ್ಟಿ ಹಿಡಿದು ಕುಳಿತಳು. ಸಾಹುಕಾರ, ಇಬ್ಬರು ರೈತರು, ಒಬ್ಬ ಬಸುರಿ ಹೆಂಗಸು, ಅವಳ ಗಂಡ, ನಾನು. ಕೊನೆಗೆ ಮಾಸ್ತರು ಬಂದು, ಎದುರಿನ ಅಂಚಿಗೆ, ಇನ್ನು ಒಂದು ಗೇಣು ಸರಿದರೆ ನೀರು ಎಂಬಲ್ಲಿ ಕುಳಿತರು. ಅವರು ಕೂತದ್ದೇ ತಡ ಉಳಿದವರೆಲ್ಲ ಈ ಕಡೆಗೆ ಸರಿದರು. ಯಾರೂ ಸರಿಯೋಣ ಎಂದು ಹೇಳಲಿಲ್ಲ. ಮೈ ತಾನಾಗಿಯೇ ಸರಿಯಿತು. ನನ್ನ ಮೊಣಕಾಲೂ ಸರಿಯಿತು. ದುಂಡನೆಯ ಹರಿಗೋಲಿನಲ್ಲಿ ಅರ್ಧ ಅವರೊಬ್ಬರಿಗೆ, ಅರ್ಧ ನಮ್ಮೆಲ್ಲರಿಗೆ. ಅಂಬಿಗ ಹಲ್ಲು ಕಡಿದು, ತೂಕ ಸರಿಮಾಡಲು ರೈತರ ಜೋಳದ ಚೀಲಗಳನ್ನು ಮಾಸ್ತರ ಕಡೆಗೆ ಎಳೆದು ಹಾಕಿದ. ಅಲ್ಲಿಗೆ ಎಲ್ಲರ ಮರ್ಯಾದೆಯೂ ಉಳಿಯಿತು. ನಮ್ಮ ಕಡೆ ಇದನ್ನು ಯಾರೂ ವಿಚಿತ್ರವೆನ್ನುವುದಿಲ್ಲ. ಮನುಷ್ಯ ಕೂರಬೇಕಾದ ಜಾಗದಲ್ಲಿ ಚೀಲ ಇಟ್ಟರೆ ಆಯಿತು.

ನಡುಹೊಳೆಯಲ್ಲಿ ಬೇರುಸಹಿತ ತೇಲಿಬಂದ ಒಂದು ದೊಡ್ಡ ಗಿಡ ಬಡಿಯಿತು. ಹರಿಗೋಲು ಗಿರ್ರನೆ ತಿರುಗಿತು. ಚೀಲಗಳು ಜಾರಿ ನಮ್ಮ ಕಡೆಗೆ ಬಂದವು. ನಮ್ಮ ಕಡೆಯ ಅಂಚು ಬಾಗಿತು, ಕೆಂಪು ನೀರು ಒಳಗೆ ನುಗ್ಗಿತು. ಬಸುರಿ ಹೆಂಗಸು ಕಿರುಚಿದಳು.

"ನಡುವ ಬರ್ರಿ! ಎಲ್ಲಾರೂ ನಡುವ ಬಂದು ಒಬ್ಬರನೊಬ್ಬರು ಅಪ್ಪಿ ಹಿಡೀರಿ! ಮಾಸ್ತರ, ನೀವು ಮೊದಲ ಬರ್ರಿ!" ಎಂದು ಅಂಬಿಗ ಕೂಗಿದ.

ನಾನು ಇಂದಿಗೂ ಬೆವತು ಏಳುವುದು ನೀರನ್ನು ನೆನೆದಲ್ಲ. ಆ ಕೂಗಿನ ನಂತರದ ಹೊತ್ತನ್ನು ನೆನೆದು. ಎಷ್ಟು ಹೊತ್ತೋ ಗೊತ್ತಿಲ್ಲ, ಒಂದು ಉಸಿರಿನಷ್ಟು ಇರಬಹುದು. ಯಾರೂ ಅಲುಗಲಿಲ್ಲ. ಸಾಯುತ್ತೇವೆಂದು ಎಲ್ಲರಿಗೂ ಗೊತ್ತಿತ್ತು. ನಡುವೆ ಹೋದರೆ ಬದುಕುತ್ತೇವೆಂದೂ ಗೊತ್ತಿತ್ತು. ಆದರೂ ಎಲ್ಲರ ಕಣ್ಣು ಒಂದೇ ಲೆಕ್ಕ ಹಾಕುತ್ತಿತ್ತು: ಅವರ ಪಕ್ಕಕ್ಕೆ ಯಾರು? ನಾನು ಮಾಸ್ತರನ್ನು ನೋಡಿದೆ. ಅವರೂ ಏಳಲಿಲ್ಲ. ಹರಿಗೋಲಿನ ಅಂಚಿನ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಉಗುರು ಬೆಳ್ಳಗಾಗುವಂತೆ ಒತ್ತಿ, ನಮ್ಮನ್ನು ನೋಡುತ್ತ ಕುಳಿತಿದ್ದರು. ಯಾರಾದರೂ ಬರಬೇಡ ಎಂದಾರೇನೋ ಎಂದು ಕಾಯುತ್ತಿದ್ದಂತೆ.

ಎಲೆ ಮಾರುವ ಮುದುಕಿ ಬುಟ್ಟಿ ಬಿಸಾಕಿ ಮೊಣಕಾಲೂರಿ ತೆವಳಿಕೊಂಡು ಹೋದಳು. ಮಾಸ್ತರ ಮಣಿಕಟ್ಟು ಹಿಡಿದು ಜಗ್ಗಿದಳು.

"ಏಳೋ ನನ್ನಪ್ಪಾ! ಸಾಯೂ ಮುಂದ ಎಂಥಾ ಮಡಿ! ಅದೇನು ಅಂಚು ಹಿಡಕೊಂಡು ಕುಂತಿ, ನಿಮ್ಮಪ್ಪ ಗಳಿಸಿಟ್ಟಾನೇನು ಅದನ್ನ?" ಆಮೇಲೆ ನನ್ನ ಕಡೆ ತಿರುಗಿ, "ಏ ಕಾಲೇಜಿನವನ, ಕಣ್ಣ ಬಿಟ್ಟು ನೋಡ್ತಿಯೇನು? ಆ ಕೈ ನೀ ಹಿಡಿ!"

ಹಿಡಿದೆ. ಅಂಚಿನಿಂದ ಅವರ ಬೆರಳುಗಳನ್ನು ಬಿಡಿಸಬೇಕಾಯಿತು. ಕೈ ಒದ್ದೆಯಾಗಿತ್ತು, ಒರಟಾಗಿತ್ತು, ಬಿಸಿಯಾಗಿತ್ತು. ನನಗೆ ಅಕ್ಷರ ಕಲಿಸಿದ ಕೈ ಬಿಸಿಯೋ ತಣ್ಣಗೋ ಎಂದು ತಿಳಿಯಲು ಅಷ್ಟು ವರ್ಷ ಬೇಕಾದವು. ಮೂವರೂ ನಡುವೆ ಬಿದ್ದೆವು. ಉಳಿದವರು ನಮ್ಮ ಮೇಲೆ ಬಿದ್ದರು. ಎಲ್ಲರಿಗಿಂತ ದೂರ ಕೂತಿದ್ದ ಸಾಹುಕಾರ ಎಲ್ಲರಿಗಿಂತ ಗಟ್ಟಿಯಾಗಿ ಮಾಸ್ತರ ಕೊರಳು ಅಪ್ಪಿದ್ದ. ಅವನ ಛತ್ರಿ ಹೊಳೆಯಲ್ಲಿ ತೇಲಿಹೋಗುವುದು ಕಂಡಿತು. ಹರಿಗೋಲು ನೆಟ್ಟಗಾಯಿತು, ತಿರುಗುತ್ತ ತಿರುಗುತ್ತ ಬಹಳ ಕೆಳಗೆ ಹೋಗಿ ಆಚೆ ದಂಡೆಯ ಹೊಂಗೆಗಿಡಗಳಿಗೆ ಬಡಿಯಿತು. ಅಂಬಿಗ ಟೊಂಗೆ ಹಿಡಿದ. ಬದುಕಿದೆವು.

ದಂಡೆ ಹತ್ತಿದ ಮೇಲೆ ಸಾಹುಕಾರ ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ. ಗಂಡ ಹೆಂಡತಿ ಹೊಳೆಗೆ ಕೈಮುಗಿದು ಹೋದರು. ಮುದುಕಿ ಮಾತ್ರ ಸೀರೆಯ ಸೆರಗು ಸಿಕ್ಕಿಸಿಕೊಂಡು ಮತ್ತೆ ನೀರಿಗಿಳಿದಳು.

"ಅವ್ವಾ, ಈಗ ತಾನ ಜೀವ ಉಳಸ್ಕೊಂಡಿ. ಮತ್ತ ನೀರಿಗೆ ಯಾಕ ಬೀಳ್ತಿ?" ಎಂದು ಅಂಬಿಗ ಕೂಗಿದ.

"ಜೀವಕ್ಕಂತ ಹಿಡದಿದ್ದು ಬ್ಯಾರೆ, ಮನಿ ಹೊಕ್ಕೂದು ಬ್ಯಾರೆ. ನಮ್ಮ ಸೊಸಿ ಮಡಿವಂತಿ. ಒಂದು ಮುಳುಗು ಹಾಕಿ ಬರ್ತೇನಿ ತಡಿ."

ನನಗೆ ಮೈಯೆಲ್ಲ ಉರಿಯಿತು. ಏನೋ ಅನ್ನಲು ಹೊರಟೆ. ಮಾಸ್ತರು ನನ್ನ ತೋಳು ಹಿಡಿದು ತಡೆದು, ನೀರಿನ ಅಂಚಿಗೆ ಹೋಗಿ, "ಜ್ವಾಕಿ ಅವ್ವಾ, ಅಲ್ಲಿ ರಾಡಿ ಐತಿ" ಎಂದರು. ಅನ್ನುವಷ್ಟರಲ್ಲಿ ಮುಳುಗೆದ್ದ ಮುದುಕಿಯ ಕಾಲು ಜಾರಿತು. ಮಾಸ್ತರು ಕೈ ಚಾಚಿದರು. ಅವಳು ಎರಡೂ ಕೈಯಲ್ಲಿ ಅದನ್ನೇ ಹಿಡಿದುಕೊಂಡು ಮೇಲೆ ಬಂದಳು. ಬಂದವಳು ತನ್ನ ಕೈ ನೋಡಿಕೊಂಡಳು, ಅವರನ್ನು ನೋಡಿದಳು.

"ಅಯ್ಯ ನನ ಶಿವನ! ಮತ್ತ ಮುಟ್ಟಿಸ್ಕೊಂಡ್ನಲ್ಲೋ! ಇನ್ನ ಎಷ್ಟು ಸಲಾ ಮುಳಗಲಿ?"

"ನಾ ಇಲ್ಲೇ ನಿಂತಿರ್ತೇನಿ ಅವ್ವಾ. ನೀ ಮುಳಗು, ನಾ ಎತ್ತತೇನಿ. ಕತ್ತಲಾಗೂತನಕ ನಡೀಲಿ."

ಮುದುಕಿ ಹೊಟ್ಟೆ ಹಿಡಿದು ನಕ್ಕಳು. "ಬಿಡು, ಸೊಸಿಗೆ ಹೇಳಾಂಗಿಲ್ಲ" ಎಂದು ಸೆರಗು ಹಿಂಡಿಕೊಂಡು ಹೊರಟಳು. ಮಾಸ್ತರೂ ನಕ್ಕರು. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಲವಂಗ ಎಲ್ಲೋ ಹೊಳೆಯಲ್ಲಿ ಹೋಗಿರಬೇಕು.

ನಾವಿಬ್ಬರೂ ಸವಣೂರಿನ ಕಡೆ ನಡೆದೆವು. ಎಲೆತೋಟಗಳ ಬೇಲಿಯ ಪಕ್ಕ ಬರುವಾಗ ಅವರ ನಡಿಗೆ ನಿಧಾನವಾಯಿತು. ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆ ಕುಳಿತುಬಿಟ್ಟರು.

"ತಮ್ಮಾ," ಎಂದರು. ಸಣ್ಣ ಗೌಡ್ರು ಅನ್ನಲಿಲ್ಲ. ಅದನ್ನು ಅವರು ಗಮನಿಸಿದಂತೆಯೂ ಇರಲಿಲ್ಲ. "ನಾ ನೀರಿಗೆ ಅಂಜಲಿಲ್ಲ. ಅಂಬಿಗ ಕರದಾ. ಏಳಬೇಕಂತ ನನಗ ಗೊತ್ತಿತ್ತು. ಕಾಲು ಏಳಲಿಲ್ಲ. ಮಂದಿ ನನ್ನ ಅಂಚಿಗೆ ಕುಂದರಿಸ್ಯಾರ ಅಂತ ಇಷ್ಟು ದಿನಾ ತಿಳಕೊಂಡಿದ್ದೆ. ಇವತ್ತ ನೋಡ್ತೇನಿ, ಅಂಚು ನಾನೂ ಬಿಗಿಯಾಗಿ ಹಿಡದೇನಿ."

ಕಾಲೇಜಿನಲ್ಲಿ ಕಲಿತ ಮಾತುಗಳೆಲ್ಲ ಬೇರೆಯವರು ಮಾಡುವ ಅನ್ಯಾಯದ ಮಾತುಗಳು. ಅನ್ಯಾಯವನ್ನು ದಿನವೂ ಉಂಡವನ ಮೈ ಅದನ್ನೇ ತನ್ನ ಅಳತೆ ಎಂದು ಹೊಲಿದುಕೊಂಡುಬಿಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಮೈಗಳೂ ಹಾಗೆಯೇ ಹೊಲಿಸಿಕೊಂಡಿವೆ. ವಿಚಾರ ಆಮೇಲೆ ಬರುತ್ತದೆ, ಮೊಣಕಾಲು ಮೊದಲೇ ಸರಿದಿರುತ್ತದೆ.

"ನಾಳೆ ಹೋಗ್ತೀರಲ್ರಿ ಮಾಸ್ತರ?" ಎಂದೆ.

"ಹೋಗತೇನಿ. ಹೋದ ಮ್ಯಾಲೆ ಎಲ್ಲಿ ಕುಂದರತೇನಿ ಅನ್ನೂದ ಅಂಜಿಕಿ."

ಹೋದರು. ಅಲ್ಲಿ ನಡೆದದ್ದನ್ನು ಮುಂದೊಂದು ರಜೆಯಲ್ಲಿ ಅವರಿಂದಲೇ ಕೇಳಿದೆ. ಹೆಡ್ ಮಾಸ್ತರ ಕುರ್ಚಿಯನ್ನು ಊರವರು ಸಾಲಿಯ ಹೊರಗೆ, ಪಡಸಾಲೆಯ ಕಟ್ಟೆಯ ಮೇಲೆ ಹಾಕಿಟ್ಟಿದ್ದರಂತೆ. ಅಲ್ಲಿಂದಲೇ ಕಿಟಕಿಯ ಮೂಲಕ ಪಾಠ ಹೇಳಲಿ ಎಂದು. ಮಾಸ್ತರು ಬಹಳ ಹೊತ್ತು ಅದರ ಪಕ್ಕ ನಿಂತರಂತೆ. ಮಕ್ಕಳು ಒಳಗಿನಿಂದ ನೋಡುತ್ತಿದ್ದರು, ಹಿರಿಯರು ಬೀದಿಯಿಂದ ನೋಡುತ್ತಿದ್ದರು. ಆಮೇಲೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಒಳಗೆ ಮಕ್ಕಳ ಎದುರಿಗೆ ಇಟ್ಟು ಕುಳಿತರಂತೆ.

"ಎತ್ತಿದ್ದೇನೋ ಖರೆ. ಕಾಲು ಎಷ್ಟು ನಡಗತಿದ್ದುವಂದ್ರ, ಕುರ್ಚಿ ನನ್ನ ಹೊತ್ತುಕೊಂಡು ಹೋತು ಅನ್ನಬೇಕು."

"ಮಂದಿ?"

"ಅರ್ಧ ಮಂದಿ ಮಕ್ಕಳ್ನ ಕರಕೊಂಡು ಹೋದ್ರು. ಉಳದವರಿಗೆ ಮಗ್ಗಿ ಹೇಳಿಸಿದೆ. ಜೋರಾಗಿ ಹೇಳಿಸಿದೆ, ಹೋದವರ ಮನೀತನಕ ಕೇಳೂಹಂಗ." ದೀಪಾವಳಿಯ ಹೊತ್ತಿಗೆ ಬಹಳಷ್ಟು ಮಕ್ಕಳು ಮರಳಿ ಬಂದರಂತೆ. ಎಲ್ಲರೂ ಬರಲಿಲ್ಲ.

ನಾನು ಓದು ಮುಗಿಸಿ ಹಿರೇಕೆರೂರಿನಲ್ಲಿ ಹೈಸ್ಕೂಲು ಮಾಸ್ತರನಾದೆ. ಆ ಕೆಲಸ ಆರಿಸಿಕೊಂಡದ್ದು ಯಾರಿಂದ ಎಂದು ಬೇರೆ ಹೇಳಬೇಕಿಲ್ಲ. ಕೆಲವು ವರ್ಷಗಳ ಮೇಲೆ, ಅವರು ಹೊಟ್ಟೆಬೇನೆಯಿಂದ ಹಾಸಿಗೆ ಹಿಡಿದು ಅಬಲೂರಿನ ಕಡೆಯ ತಮ್ಮ ಹಳ್ಳಿಗೆ ಬಂದಿದ್ದಾರೆಂದು ತಿಳಿಯಿತು. ಒಂದು ರವಿವಾರ ನಡೆದುಕೊಂಡು ಹೋದೆ.

ಹೊರಕೇರಿಯ ಕೊನೆಯ ಮನೆ. ಅವರ ಹೆಂಡತಿ ತಂಬಿಗೆಯಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತರು. ಇಸಿದುಕೊಂಡು ಕುಡಿದೆ. ಒಳಗೆ ಕುರ್ಚಿಯಿರಲಿಲ್ಲ. ಸಣ್ಣದೊಂದು ಹೊರಸಿನ ನಟ್ಟನಡುವೆ ಮಾಸ್ತರು ಅಂಗಾತ ಮಲಗಿದ್ದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನನ್ನು ಕಂಡು ಕಣ್ಣು ಅರಳಿದವು. ಕೈಯೂರಿ, ನರಳುತ್ತ, ಹೊರಸಿನ ಅಂಚಿಗೆ ಸರಿಯತೊಡಗಿದರು.

ಆ ಉಗುರುಗಳು, ಆ ಕೆಂಪು ನೀರು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. "ಬ್ಯಾಡ್ರಿ ಮಾಸ್ತರ, ಸರೀಬ್ಯಾಡ್ರಿ! ನಡುವನ ಇರ್ರಿ!" ಎಂದು ಹೆಚ್ಚುಕಡಿಮೆ ಕೂಗಿಬಿಟ್ಟೆ.

ಅವರು ಸರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನನಗೇನಾಯಿತೆಂದು ಅರ್ಥವಾಯಿತೆಂದು ಕಾಣುತ್ತದೆ. ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚಪ್ಪಾ. ಇದು ಅಂಜಿ ಸರಿಯೂದಲ್ಲೋ ತಮ್ಮಾ. ಮನಿಗೆ ಬಂದವಂಗ ಜಾಗಾ ಮಾಡಾಕತ್ತೇನಿ. ನನ್ನ ಹೊರಸು, ನಾ ಮಾಡ್ತೇನಿ. ಕುಂದರು."

ಕುಳಿತೆ. ಅವರ ಮೊಣಕಾಲು ನನ್ನ ಬೆನ್ನಿಗೆ ತಾಗಿಕೊಂಡೇ ಇತ್ತು. ಸಾಲಿಯ ಮಾತು, ಮಳೆಯ ಮಾತು, ಎಲೆ ಮಾರುವ ಮುದುಕಿಯ ಮಾತು ಆಡಿದೆವು. ಸಂಜೆಯಾಗುವ ಮುಂಚೆ ಹೊರಟೆ. ಮುಂದಿನ ಅಮಾವಾಸ್ಯೆಯನ್ನು ಅವರು ದಾಟಲಿಲ್ಲ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು.

ಹೊಳೆಯ ಭಯ ನನ್ನಿಂದ ಇನ್ನೂ ಹೋಗಿಲ್ಲ. ಹರಿಗೋಲು ಹತ್ತುವುದನ್ನು ಬಿಟ್ಟಿದ್ದೇನೆ, ಸುತ್ತುಬಳಸಿ ಮೋಟಾರಿನಲ್ಲಿ ಹೋಗುತ್ತೇನೆ. ಮೋಟಾರಿನಲ್ಲಿ ಕೂರುವ ಬಾಕಿನ ಮೇಲೆ ಯಾರಾದರೂ ನನ್ನನ್ನು ಕಂಡು ಪಕ್ಕಕ್ಕೆ ಸರಿದರೆ ಮೊದಲು ಅವರ ಮುಖ ನೋಡುತ್ತೇನೆ. ಅಂಜಿ ಸರಿದರೋ, ಹೇಸಿ ಸರಿದರೋ, ಜಾಗ ಮಾಡಲು ಸರಿದರೋ. ದೂರದಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ. ಅದಕ್ಕೇ, ಯಾರಾದರೂ ಬಂದು ನಾನೇ ಸರಿಯಬೇಕಾದಾಗ, ಸುಮ್ಮನೆ ಸರಿಯುವುದಿಲ್ಲ. ಬಂದವರು ಯಾರೇ ಇರಲಿ, ಅವರ ಮುಖ ನೋಡಿ, ಬಾಯಿಬಿಟ್ಟು ಹೇಳಿಯೇ ಸರಿಯುತ್ತೇನೆ:

"ಬರ್ರಿ, ಇಲ್ಲಿ ಕುಂದರ್ರಿ. ಜಾಗಾ ಐತಿ."